ಗೇಟಿನಾಚೆ ನಿಂತ ಹಡಗು

ದೇವರು ಮನುಷ್ಯನಿಗೆ ಹಾದಿಯನ್ನು ಧಾರಾಳವಾಗಿ ಕೊಟ್ಟ; ಹೊತ್ತನ್ನು ಮಾತ್ರ ತನ್ನ ಮುಷ್ಟಿಯಲ್ಲೇ ಇಟ್ಟುಕೊಂಡ. ಬಸ್ಸು ಓಡಿಸಿ ನಿವೃತ್ತನಾದ ಡ್ರೈವರನಿಗೆ ಇದು ಗೊತ್ತಿರಲಿಲ್ಲ ಎನ್ನಲಾಗದು. ಗೊತ್ತಿದ್ದದ್ದು ಬೇಕಾದ ಗಳಿಗೆಯಲ್ಲಿ ನೆನಪಾಗುವುದು ಬೇರೆ ಮಾತು.

ಡಿಪೋದಲ್ಲಿ ಅವನಿಗೆ ಹನಿರಾಯ ಎಂದು ಹೆಸರಿಟ್ಟಿದ್ದರು. ಉಳಿದವರು ಊರಬಾಗಿಲು ಮುಟ್ಟುವ ಡೀಸೆಲ್ಲಿನಲ್ಲಿ ಇವನು ಊರೆಲ್ಲ ಸುತ್ತಿ ಬರುತ್ತಾನೆ ಎಂದು ನಗುತ್ತಿದ್ದರು. ಅವನಲ್ಲಿ ಇನ್ನೊಂದು ಗುಣವಿತ್ತು. ಚೀಲ ಹೊತ್ತು ಓಡಿ ಬರುವವರು ಕನ್ನಡಿಯಲ್ಲಿ ಕಂಡರೆ ಬಸ್ಸು ನಿಲ್ಲಿಸಿಬಿಡುತ್ತಿದ್ದ. ಕಂಡಕ್ಟರ್ ಸೀಟಿ ಊದಿ ಊದಿ ಸುಸ್ತಾದರೂ, "ಬರ್ಲಿ ಬಿಡಯ್ಯ, ಅವರ ಮನೇಲಿ ಏನ್ ಅವಸರವೋ," ಎನ್ನುತ್ತಿದ್ದ. ಹಾಗೆ ಹತ್ತಿಸಿಕೊಂಡವರ ಹರಕೆಯೇ ತನ್ನನ್ನು ಕಾಯುತ್ತಿದೆ ಎಂದು ನಂಬಿದ್ದ.

ನಿವೃತ್ತಿಯ ಹಣದಲ್ಲಿ ಒಂದು ಪಾಲು ತೆಗೆದು ಗಂಡಹೆಂಡಿರು ಪರದೇಶ ನೋಡಲು ಬಂದರು. ಹೆಂಡತಿಯ ಅಕ್ಕ ಅಲ್ಲಿ, ಸಮುದ್ರದಾಚೆಯ ದ್ವೀಪವೊಂದರಲ್ಲಿ, ಮಗಳು ಅಳಿಯನ ಮನೆಯಲ್ಲಿದ್ದಳು. ತಾಯಿಯಿಲ್ಲದ ತಂಗಿಗೆ ತಲೆ ಬಾಚಿ, ಹಾಲುಹಲ್ಲು ಕಿತ್ತು, ಮದುವೆ ಮಾಡಿ ಕಳಿಸಿದವಳು ಆ ಅಕ್ಕ. ಊರೆಲ್ಲ ಸುತ್ತಿಕೊಂಡು ಕೊನೆಗೆ ಅಕ್ಕನ ಮನೆಯಲ್ಲಿ ಎರಡು ವಾರ ಇರುವುದೆಂದು ಯೋಚನೆ.

ಹೋಟೆಲಿನ ಬಾಡಿಗೆ ಉಳಿಯಲೆಂದು ಹನಿರಾಯ ಮಂಚ, ಒಲೆ, ನಲ್ಲಿ ಎಲ್ಲ ಇದ್ದ ಕ್ಯಾಂಪರ್ ವ್ಯಾನ್ ಹಿಡಿದಿದ್ದ. "ಮನೆ ಬೆನ್ನ ಮೇಲೆ ಹೊತ್ಕೊಂಡು ಬಸವನಹುಳ ಆದ್ವಿ ಕಣ್ರೀ," ಎಂದು ಹೆಂಡತಿ ನಕ್ಕಿದ್ದಳು. ಕೈಯಲ್ಲಿದ್ದ ಹಣವನ್ನು ಅವನು ಡೀಸೆಲ್ಲಿಗೆ, ಫೆರಿಗೆ, ಹೊಟ್ಟೆಗೆ ಎಂದು ಮೂರು ಪಾಲು ಮಾಡಿದ್ದ. ಫೆರಿಯೆಂದರೆ ಗಾಡಿಗಳನ್ನು ಹೊಟ್ಟೆಯೊಳಗೆ ತುಂಬಿಕೊಂಡು ನೀರು ದಾಟಿಸುವ ಹಡಗು. ಗಾಡಿ ಉದ್ದವಾದಷ್ಟೂ ದರ ಹೆಚ್ಚು. ಹತ್ತಿರದ ಬಂದರಿನಿಂದ ಹೊತ್ತುಹೊತ್ತಿಗೆ ಹಡಗುಂಟು, ದುಬಾರಿ. ದೂರದ ಬಂದರಿನಿಂದ ದಿನಕ್ಕೆ ಒಂದೇ, ಅಗ್ಗ. ಅವನು ಅಗ್ಗದ್ದಕ್ಕೆ ಮುಂಗಡ ಕಟ್ಟಿದ್ದ. ಕಟ್ಟಿದ್ದು ವಾಪಸು ಬರುವುದಿಲ್ಲ.

ಆ ಹಡಗಿನ ಹಿಂದಿನ ದಿನ ಬೆಳಿಗ್ಗೆ, ಹತ್ತಿರದ ಬಂದರಿನ ಬೋರ್ಡು ರಸ್ತೆ ಬದಿಯಲ್ಲಿ ಕಾಣುತ್ತಿದ್ದಾಗ, ಅಕ್ಕನ ಮಗಳ ಫೋನು ಬಂತು.

"ಚಿಕ್ಕಮ್ಮ, ಅಮ್ಮನ್ನ ಆಸ್ಪತ್ರೆಗೆ ಸೇರಿಸಿದೀವಿ. ಉಸಿರು ಸರಿಯಾಗಿ ಬರ್ತಿಲ್ಲ. ನೋಡೋರಿದ್ರೆ ಬೇಗ ಬರ್ಲಿ ಅಂದ್ರು ಡಾಕ್ಟ್ರು. ನಿಮ್ಮನ್ನೇ ಕೇಳ್ತಿದಾರೆ."

ಹೆಂಡತಿ ಫೋನು ಮಡಿಲಲ್ಲಿಟ್ಟುಕೊಂಡು ಬೋರ್ಡಿನ ಕಡೆ ಕೈ ತೋರಿಸಿದಳು. "ರೀ, ಇಲ್ಲಿಂದ್ಲೇ ಹೋಗಿಬಿಡೋಣ."

"ಈ ಗಾಡಿಗೆ ಇಲ್ಲಿ ಎಷ್ಟು ಕೇಳ್ತಾರೆ ಗೊತ್ತೇನೇ? ಅಲ್ಲಿ ಕಟ್ಟಿರೋದನ್ನ ನೀರಿಗೆ ಹಾಕಿ, ಇಲ್ಲಿ ಮತ್ತೆ ಕಟ್ಟಿದ್ರೆ, ವಾಪಸ್ ಬರೋಕೆ ಡೀಸೆಲ್ ಹಾಕ್ಸೋದು ಯಾವುದರಲ್ಲಿ?"

"ಹಾಗಾದ್ರೆ ನನ್ನೊಬ್ಬಳಿಗೆ ಟಿಕೆಟ್ ತಗೊಡಿ. ಬರೀ ಆಳಿಗೆ ಕಮ್ಮಿ ಇರುತ್ತಂತೆ. ನೀವು ನಾಳೆ ಗಾಡಿ ತಗೊಂಡ್ ಬನ್ನಿ."

"ಭಾಷೆ ಬರಲ್ಲ, ದಿಕ್ಕು ಗೊತ್ತಿಲ್ಲ. ನಿನ್ನೊಬ್ಬಳನ್ನ ನೀರಿನ ಮೇಲೆ ಬಿಟ್ಟು ನಾನಿಲ್ಲಿ ಊಟ ಮಾಡ್ಲಾ? ನಾಳೆ ಸಂಜೆಗೆ ಅಕ್ಕನ ಕಾಲ ಹತ್ರ ಕೂತಿರ್ತೀಯ. ಅತ್ತಿಗೆ ಗಟ್ಟಿ ಜೀವ ಕಣೇ, ನಮ್ಮನ್ನೆಲ್ಲ ಕಳಿಸಿ ಹೋಗೋ ಜೀವ."

ಅವಳು ತೋರಿಸಿದ್ದ ಕೈ ಇಳಿಸಿದಳು. ಬಾಳಿನುದ್ದಕ್ಕೂ ಅವನ ಲೆಕ್ಕ ತಪ್ಪಿದ್ದನ್ನು ಅವಳು ಕಂಡಿರಲಿಲ್ಲ. ಬೋರ್ಡು ಹಿಂದೆ ಸರಿಯಿತು.

ಮರುದಿನ ಹನಿರಾಯ ಸುಂಕದ ಹೆದ್ದಾರಿ ಬಿಟ್ಟು ಹಳೆಯ ರಸ್ತೆ ಹಿಡಿದ. ಏರಿನಲ್ಲಿ ಇಂಜಿನ್ ಏದುಸಿರು ಬಿಡದಂತೆ, ಇಳಿತದಲ್ಲಿ ವೇಗ ಮೀರದಂತೆ, ತುಂಬಿದ ಕೊಡ ಹೊತ್ತವಳ ಹಾಗೆ ಗಾಡಿ ನಡೆಸಿದ. ಹಿಂದಿನವರು ಹಾರ್ನ್ ಹೊಡೆದು ದಾಟಿಹೋದರು. ಡೀಸೆಲ್ ಅಗ್ಗವೆಂದು ಒಂದು ಚಿಕ್ಕ ಊರೊಳಗೆ ತಿರುಗಿ, ಬಂಕಿನ ಸಾಲಿನಲ್ಲಿ ನಿಂತ.

"ಹೊತ್ತಾಯ್ತು ಕಣ್ರೀ."

"ಹಡಗು ಬಿಡೋದು ನಾಲ್ಕಕ್ಕೆ. ಅದಕ್ಕೆ ಮುಂಚೆ ಅಲ್ಲಿರ್ತೀವಿ. ನನ್ನ ಟೈಮು ಯಾವತ್ತು ತಪ್ಪಿದೆ ಹೇಳು?"

ಅವನ ಟೈಮು ತಪ್ಪಲಿಲ್ಲ. ನಾಲ್ಕಕ್ಕೆ ಮೊದಲೇ ಅವರು ಬಂದರಿನಲ್ಲಿದ್ದರು. ಹಡಗು ಅಲ್ಲೇ ನಿಂತಿತ್ತು, ಅದರ ಬಾಯಿ ಇನ್ನೂ ತೆರೆದೇ ಇತ್ತು. ಆದರೆ ನಡುವೆ ಒಂದು ಗೇಟು, ಗೇಟಿಗೆ ಕೆಂಪು ದೀಪ.

ಹನಿರಾಯ ಹಾರ್ನ್ ಹೊಡೆದ, ಲೈಟು ಮಿಣುಕಿಸಿದ. ಹಳದಿ ಜಾಕೆಟ್ ತೊಟ್ಟ ಹೆಂಗಸೊಬ್ಬಳು ನಡೆದು ಬಂದು, ಟಿಕೆಟಿನ ಕೆಳಗಿನ ಸಾಲೊಂದರ ಮೇಲೆ ಬೆರಳಿಟ್ಟಳು. ಬಿಡುವುದಕ್ಕೆ ಒಂದು ಗಂಟೆ ಮೊದಲು ಗೇಟು ಮುಚ್ಚುತ್ತದೆ.

"ಶಿಪ್ ಈಸ್ ಹಿಯರ್," ಎಂದ ಅವನು, ತನಗೆ ಬರುವ ನಾಲ್ಕು ಇಂಗ್ಲಿಷ್ ಮಾತಿನಲ್ಲಿ. "ಸಿಸ್ಟರ್. ಹಾಸ್ಪಿಟಲ್." ಕೈ ಮುಗಿದ. ಅವಳ ಮುಖದಲ್ಲಿ ಕರುಣೆ ಇಲ್ಲದಿರಲಿಲ್ಲ. ಹಡಗಿನ ಕಡೆ ತಿರುಗಿ ವಾಕಿಟಾಕಿಯಲ್ಲಿ ಏನೋ ಕೇಳಿದಳು, ಉತ್ತರ ಕೇಳಿಸಿಕೊಂಡು ಇಲ್ಲವೆಂದು ತಲೆಯಾಡಿಸಿದಳು.

"ನಿಂತಿದೆಯಲ್ಲೇ!" ಎಂದ ಹನಿರಾಯ, ಹೆಂಡತಿಯ ಕಡೆ ತಿರುಗಿ. "ಕಣ್ಣೆದುರಿಗೆ ನಿಂತಿದೆ! ಹೀಗೆ ಓಡಿ ಬಂದೋರನ್ನ ಬಿಟ್ಟು ಹೋಗ್ತಾರಾ ಯಾರಾದ್ರೂ?"

ಅವರ ಕಣ್ಣೆದುರಿಗೇ ಹಡಗಿನ ಬಾಯಿ ಮುಚ್ಚಿಕೊಂಡಿತು.

ಮಾರನೆಯ ದಿನದ ಹಡಗಿಗೆ ರಿಯಾಯಿತಿ ಇರಲಿಲ್ಲ. ಮುಂಗಡ ಕಟ್ಟಿದ್ದೂ ಈಗ ಕೌಂಟರಿನಲ್ಲಿ ಕೊಟ್ಟದ್ದೂ ಸೇರಿದರೆ ಹತ್ತಿರದ ಬಂದರಿನಿಂದಲೇ ದಾಟಬಹುದಿತ್ತು. ಟಿಕೆಟ್ ಹಿಡಿದು ವ್ಯಾನಿಗೆ ಬಂದಾಗ ಹೆಂಡತಿ ಒಲೆಯ ಪಕ್ಕದ ಬೆಂಚಿನ ಮೇಲೆ ಕುಳಿತು ಫೋನಿನಲ್ಲಿ ಮಾತಾಡುತ್ತಿದ್ದಳು. ಆಚೆ ಕಡೆ ಮಗಳು ಅಕ್ಕನ ಬಾಯಿಗೆ ಫೋನು ಹಿಡಿದಿದ್ದಳು.

"ಎಲ್ಲಿದೀಯೇ ಪುಟ್ಟಿ?"

"ಇಲ್ಲೇ ಅಕ್ಕ. ನೀರು ಕಾಣ್ತಿದೆ. ನಾಳೆ ಬಂದ್ಬಿಡ್ತೀನಿ."

ತುಂಬ ಹೊತ್ತು ಬರೀ ಉಸಿರಿನ ಸದ್ದು. ಆಮೇಲೆ, "ಊಟ ಆಯ್ತಾ?"

"ಆಯ್ತು ಅಕ್ಕ," ಎಂದಳು ಹೆಂಡತಿ. ಅವರು ಬೆಳಗಿನಿಂದ ಏನೂ ತಿಂದಿರಲಿಲ್ಲ.

ಅಕ್ಕ ಮರುದಿನ ಬೆಳಿಗ್ಗೆ ಹೋದಳು. ಅವರು ಹಡಗಿನ ಸಾಲಿಗೆ ಗಾಡಿ ಹಚ್ಚಿ ನಿಂತಿದ್ದಾಗ ಸುದ್ದಿ ಬಂತು. ಮೊದಲು ಬಂದದ್ದರಿಂದ ಸಾಲಿನಲ್ಲಿ ಅವರದೇ ಮೊದಲ ಗಾಡಿ. ಹೆಂಡತಿ ಅಳಲಿಲ್ಲ, ಬೈಯಲಿಲ್ಲ. ಅವಳು ಒಮ್ಮೆ ಬೈದುಬಿಡಲಿ ಎಂದು ಹನಿರಾಯ ದೇವರಲ್ಲಿ ಬೇಡಿಕೊಂಡ. ಅಂಥ ಬೇಡಿಕೆಯನ್ನು ದೇವರು ನಡೆಸಿಕೊಡುವುದು ಅಪರೂಪ.

ದ್ವೀಪದ ಮನೆಯ ಬಾಗಿಲಲ್ಲಿ ಅಕ್ಕನ ಮಗಳು ಚಿಕ್ಕಮ್ಮನನ್ನು ತಬ್ಬಿಕೊಂಡಳು. "ಒಂದು ದಿನ ಮೊದ್ಲು ಬರಬಾರದಿತ್ತಾ ಚಿಕ್ಕಮ್ಮ? ಬಾಗಿಲು ನೋಡ್ತಾನೇ ಇದ್ರು."

ಹನಿರಾಯ ತಲೆ ತಗ್ಗಿಸಿ, ಬರಬೇಕಾದ ಮಾತಿಗಾಗಿ ಕಾದ.

"ಗಾಡಿ ಕೆಟ್ಟೋಯ್ತು ಮಗಳೇ," ಎಂದಳು ಹೆಂಡತಿ. "ದಾರೀಲಿ ಗಾಡಿ ಕೆಟ್ಟು ನಿಂತ್ಬಿಡ್ತು. ಪಾಪ, ನಿಮ್ಮ ಚಿಕ್ಕಪ್ಪ ಏನ್ ಮಾಡೋಕಾಗುತ್ತೆ?" ಅವನ ಕಡೆ ನೋಡದೆ ಒಳಗೆ ಹೋದಳು.

ಮರುದಿನ ಸಂಜೆ, ಬಂದವರೆಲ್ಲ ಹೋದ ಮೇಲೆ, ಅಳಿಯ ಅಂಗಳಕ್ಕೆ ಬಂದ. ಒಳ್ಳೆಯ ಹುಡುಗ, ದುಃಖದ ಮನೆಯಲ್ಲಿ ಕೈಗೊಂದು ಕೆಲಸ ಬೇಕಿತ್ತು ಅವನಿಗೆ. ವ್ಯಾನಿನ ಬಾನೆಟ್ ಎತ್ತಿ ಬಗ್ಗಿದ.

"ಯಾವುದು ಕೈಕೊಟ್ಟಿದ್ದು ಮಾವ? ವಾಪಸ್ ಹೋಗೋವಾಗ ಮತ್ತೆ ತೊಂದ್ರೆ ಆಗಬಾರದು."

ಹನಿರಾಯ ಒಳಗೆ ನೋಡಿದ. ಎಲ್ಲವೂ ಸರಿಯಾಗಿತ್ತು. ತನ್ನ ತಪ್ಪಿಗೆ ಗಾಡಿಯನ್ನು ದೂರಿದವನಲ್ಲ ಅವನು. ಬೆರಳು ಚಾಚಿ ಒಂದು ಗಟ್ಟಿಮುಟ್ಟಾದ ಪೈಪನ್ನು ತೋರಿಸಿದ.

"ಇದು."

ಅಳಿಯ ಅದನ್ನು ಹಿಸುಕಿ ನೋಡಿದ. "ಚೆನ್ನಾಗೇ ಇದೆಯಲ್ಲ?"

"ಬಿಸಿಯಾದ್ರೆ ಕಾಟ ಕೊಡುತ್ತೆ."

"ಹೋಗ್ಲಿ ಬಿಡಿ ಮಾವ, ಮನಸ್ಸಿಗೆ ಹಚ್ಕೋಬೇಡಿ. ಗಾಡಿ ಕೆಟ್ರೆ ನೀವೇನ್ ಮಾಡ್ತೀರಿ?" ಅಳಿಯ ಅವನ ಭುಜ ಮುಟ್ಟಿದ. "ನಾಳೆ ಗ್ಯಾರೇಜಿನವರನ್ನ ಕರೆಸ್ತೀನಿ. ಹೊಸದು ಹಾಕಿಸಿಬಿಡೋಣ."

"ಹಾಕಿಸೋಣ," ಎಂದ ಹನಿರಾಯ.

ಒಳಗಿನಿಂದ ಕೊನೆಗೂ ಹೆಂಡತಿಯ ಅಳು ಕೇಳಿಸಿತು. ಅಳಿಯ ಒಳಗೆ ಓಡಿದ. ಹನಿರಾಯ ಅಂಗಳದಲ್ಲೇ, ತೆರೆದ ಬಾನೆಟ್ಟಿನ ಮುಂದೆ, ಆ ಪೈಪಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ.