ಕೈಯಲ್ಲಿ ಕೆಲಸ ಇದೆ

ಧನ್ಯಶ್ರೀಯ ಸೀಮಂತದ ದಿನ, ಊಟಕ್ಕೆ ಎಲೆ ಹಾಕುವ ಮೊದಲು, ಅವಳ ಅಪ್ಪ ದಿನಕರ ಮೈಕು ಕೈಗೆ ತೆಗೆದುಕೊಂಡ. ಹೊನ್ನಾವರದಲ್ಲಿ ಬೋಟುಗಳ ಎಂಜಿನ್ ಸಾಮಾನಿನ ಅಂಗಡಿ ಇಟ್ಟಿರುವ ದಿನಕರನಿಗೆ ನಾಲ್ಕು ಜನ ಸೇರಿದಲ್ಲಿ ನಗಿಸುವ ಚಟ. ಬಂದವರಿಗೆ ವಂದನೆ ಹೇಳಿ ಮುಗಿಸಿ, ಮುಂದಿನ ಸಾಲಿನಲ್ಲಿ ಕೂತಿದ್ದ ತನ್ನ ಅಕ್ಕ ಜಯಂತಿಯ ಕಡೆ ಕೈ ತೋರಿಸಿದ. ನಮ್ಮ ಮನೆ ಬಾಗಿಲಿಗೆಂದು ಅಕ್ಕ ಒಂದು ತೋರಣ ಹೆಣೆಯುತ್ತಿದ್ದಾಳೆ, ಹತ್ತು ವರ್ಷದ ಹಿಂದೆ ಕುಮಟಾದಿಂದ ಹೊರಟದ್ದು ಇನ್ನೂ ಬಂದು ಮುಟ್ಟಲಿಲ್ಲ, ಹೈವೇ ಕೆಲಸ ಮುಗಿಯದೆ ಅದಾದರೂ ಹೇಗೆ ಬಂದೀತು ಎಂದ. ಮಗುವಿನ ಟೊಪ್ಪಿ ಹೆಣೆಯುವುದನ್ನು ಮಾತ್ರ ಯಾರೂ ಅವಳಿಗೆ ಒಪ್ಪಿಸಬೇಡಿ, ಮಗುವಿನ ಕೂದಲು ನೆರೆಯುವ ಹೊತ್ತಿಗೆ ಕೈಗೆ ಸಿಗುತ್ತದೆ ಎಂದ. ಸೇರಿದ್ದವರೆಲ್ಲ ನಕ್ಕರು. ಅವರಿಬ್ಬರ ತಾಯಿ ಗಂಗೆಯೂ ಸೆರಗು ಬಾಯಿಗಿಟ್ಟು ನಕ್ಕಳು. ಜಯಂತಿಯೂ ನಕ್ಕಳು. ಅಷ್ಟು ಜನರ ನಡುವೆ ಬೇರೆ ಮುಖ ಮಾಡುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

ಆ ನಗು ಬಸ್ಸಿನಲ್ಲಿ ಕರ್ಕಿ ದಾಟುವವರೆಗೆ ಅವಳ ಮುಖದ ಮೇಲಿತ್ತು. ಹಳದೀಪುರದ ಹತ್ತಿರ ಕಿವಿ ಬಿಸಿಯಾಯಿತು. ಧಾರೇಶ್ವರದಲ್ಲಿ ಹತ್ತಿ ಪಕ್ಕದಲ್ಲಿ ಕೂತ ಪರಿಚಯದ ಹೆಂಗಸು, ಸೀಮಂತ ಚಂದ ಆಯಿತೇ ಎಂದು ಕೇಳಿದಾಗ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಜಯಂತಿ ಕುಮಟಾದ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತಾಳೆ. ಐವತ್ತು ದಾಟಿದೆ, ಮದುವೆಯಾಗಿಲ್ಲ. ಅಪ್ಪ ದೇವಪ್ಪ ಬೋಟಿನಲ್ಲಿ ತಾಂಡೇಲನಾಗಿ ಚುಕ್ಕಾಣಿ ಹಿಡಿದಿದ್ದವನು. ಗಂಗೆ ಮೀನಿನ ಬುಟ್ಟಿ ಹೊತ್ತು ಊರೂರು ತಿರುಗಿದವಳು. ಆ ಮನೆಯಲ್ಲಿ ಮೊದಲು ಕಾಲೇಜಿಗೆ ಹೋದವಳು, ಮೊದಲು ಸಂಬಳ ತಂದವಳು ಜಯಂತಿ. ಬಿ.ಎಡ್. ಓದುವಾಗ ಹಾಸ್ಟೆಲಿನಲ್ಲಿ ಕ್ರೋಶಾ ಹೆಣಿಗೆ, ಕಸೂತಿ ಕಲಿತಿದ್ದಳು. ಅವಳು ಹೊಲಿದದ್ದನ್ನು ತಿರುಗಿಸಿ ನೋಡಿದರೆ ಹಿಂಭಾಗವೂ ಮುಂಭಾಗದಷ್ಟೇ ಚೊಕ್ಕಟವಾಗಿರುತ್ತಿತ್ತು. ಆದರೂ ಮನೆಯವರ ಬಾಯಲ್ಲಿ ಅವಳು ಏನನ್ನೂ ಮುಗಿಸದವಳು.

ಮನೆಗೆ ಬಂದವಳು ರೇಷ್ಮೆ ಸೀರೆಯನ್ನೂ ಬದಲಿಸದೆ ಕಪಾಟಿನ ತಳದಲ್ಲಿದ್ದುದನ್ನೆಲ್ಲ ಎಳೆದು ಮಂಚದ ಮೇಲೆ ಹಾಕಿದಳು.

ತೋರಣ ಮೊದಲು ಸಿಕ್ಕಿತು. ಬಿಳಿ ನೂಲಿನ ಗಿಳಿಗಳ ಸಾಲು, ಅದರ ಕೆಳಗೆ ಕೆಂಪು ಗಾಜಿನ ಮಣಿಗಳ ಜಾಲರಿ. ಗಿಳಿಗಳು ಮುಗಿದಿದ್ದವು, ಜಾಲರಿ ಅರ್ಧಕ್ಕೆ ನಿಂತಿತ್ತು. ಎಲ್ಲಿ ನಿಂತಿತು, ಯಾಕೆ ನಿಂತಿತು ಎಂಬುದು ಅವಳಿಗೆ ಚೆನ್ನಾಗಿ ನೆನಪಿತ್ತು. ದಿನಕರನ ಗೃಹಪ್ರವೇಶಕ್ಕೆ ಇನ್ನೇನು ತಿಂಗಳಿದೆ ಎನ್ನುವಾಗ ಅವನು ಮಗಳನ್ನು ಹಾಸಿಗೆ ಸಮೇತ ತಂದು ಬಿಟ್ಟಿದ್ದ. ಪಿಯುಸಿ ಸೈನ್ಸ್ ಕುಮಟಾದಲ್ಲಿ, ಗಣಿತದ ಅತ್ತೆ ಇರುವಾಗ ಹಾಸ್ಟೆಲು ಯಾಕೆ ಎಂದಿದ್ದ. ಎರಡು ವರ್ಷ ಬೆಳಿಗ್ಗೆ ಡಬ್ಬಿ, ಸಂಜೆ ಲೆಕ್ಕ, ಹುಡುಗಿಗೆ ಜ್ವರ ಬಂದರೆ ಶಾಲೆಗೆ ರಜೆ. ಮೈಕು ಹಿಡಿದವನಿಗೆ ಆ ಎರಡು ವರ್ಷ ನೆನಪಾಗಿರಲಿಲ್ಲ.

ಅದರ ಅಡಿಯಲ್ಲಿ ತಾಯಿಗೆಂದು, ತಾಯಿಯದೇ ಹಳೆಯ ಸೀರೆಗಳಿಂದ ಹೊಲಿಯತೊಡಗಿದ್ದ ಕೌದಿ. ಅಪ್ಪನಿಗೆ ಲಕ್ವ ಹೊಡೆದ ವರ್ಷ ಅದು ಕಪಾಟು ಸೇರಿತ್ತು. ಅಪ್ಪನ ಸೇವೆ ಮಾಡಿದ್ದಕ್ಕೆ ಜಯಂತಿಗೆ ಎಂದೂ ಬೇಸರವಿಲ್ಲ. ಆದರೆ ಅಪ್ಪ ಹೋದ ಮೇಲೂ ಅವಳ ರಜೆ ಅವಳದಾಗಲಿಲ್ಲ. ದಸರೆ ಬಂತೆಂದರೆ ತಾಯಿ, ಬೇಸಿಗೆಯಲ್ಲಿ ತಮ್ಮನ ಮಕ್ಕಳು. ಒಂದು ಬೇಸಿಗೆಯಲ್ಲಂತೂ ದಿನಕರನ ಹೆಂಡತಿ ಅರ್ಚನಾಳ ತವರಿನ ಮಕ್ಕಳೂ ಬಂದು ಇಳಿದಿದ್ದವು. ನಿನಗೆ ಹೇಗೂ ರಜೆ ಅಲ್ಲವೇ ಎನ್ನುವರು. ರಜೆ ಇರುವುದು ಬೇರೆಯವರಿಗೆ ಕೊಡಲಿಕ್ಕೆ ಎಂದು ಅವರೇ ತೀರ್ಮಾನ ಮಾಡಿದಂತಿತ್ತು.

ಎಲ್ಲಕ್ಕಿಂತ ಹಳೆಯದು ಒಂದು ದಿಂಬಿನ ಕವರು. ಕತಗಾಲದ ಗೆಳತಿ ಶ್ರೀಮತಿಯ ಮದುವೆಗೆ ನವಿಲಿನ ಕಸೂತಿ ಹಾಕಿ ಜೋಡಿ ಕವರು ಕೊಡುತ್ತೇನೆ ಎಂದವಳು ಒಂದನ್ನಷ್ಟೇ ಕೊಟ್ಟಿದ್ದಳು. ಎರಡನೆಯ ನವಿಲಿಗೆ ಕತ್ತು ಬಂದಿತ್ತು, ಗರಿ ಬಂದಿರಲಿಲ್ಲ. ಆಗಲೇ ದಿನಕರನಿಗೆ ಹೆಣ್ಣು ನೋಡುವ ಓಡಾಟ ಶುರುವಾಗಿತ್ತು.

ಜಯಂತಿ ಮಂಚದ ಅಂಚಿನಲ್ಲಿ ಕೂತಳು. ಒಂದೊಂದನ್ನೂ ಅವಳ ಕೈಯಿಂದ ಕಿತ್ತುಕೊಂಡವರು ಇದ್ದರು. ಅದಕ್ಕಿಂತ ಹೆಚ್ಚು ಉರಿದದ್ದು ಇನ್ನೊಂದು ಮಾತಿಗೆ: ತಾನು ಸೋಮಾರಿ ಎಂದು ಇಷ್ಟು ವರ್ಷ ಅವಳೂ ನಂಬಿದ್ದಳು. ಯಾರಾದರೂ ಆ ಮಾತೆತ್ತಿದರೆ, ಹೌದಪ್ಪ, ನನ್ನ ಕೈ ನಿಧಾನ ಎಂದು ಅವಳೇ ಮೊದಲು ನಗುತ್ತಿದ್ದಳು.

ಈ ದಸರಾ ರಜೆಯಲ್ಲಿ ಮೂರನ್ನೂ ಮುಗಿಸುವುದು ಎಂದು ತೀರ್ಮಾನಿಸಿದಳು. ಕೆಂಪು ಗಾಜಿನ ಮಣಿ ಕುಮಟಾ ಪೇಟೆಯಲ್ಲಿ ಸಿಗಲಿಲ್ಲ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ಭಟ್ಕಳದ ಬಸ್ಸು ಹತ್ತಿದಳು. ಅಲ್ಲಿ ಜರಿ, ಲೇಸು ಮಾರುವ ಒಂದು ಅಂಗಡಿಯಲ್ಲಿ, ಅವಳು ತಂದಿದ್ದ ಹಳೆಯ ಮಣಿಯನ್ನು ಬೆಳಕಿಗೆ ಹಿಡಿದು ನೋಡಿ ಅಂಗಡಿಯವನು ಒಳಗಿನಿಂದ ಡಬ್ಬಿಗಳನ್ನು ತಂದು ತಟ್ಟೆಯಲ್ಲಿ ಸುರಿದ. ಅವಳು ಬಣ್ಣ ಹೋಲಿಸುತ್ತಿರುವಾಗ ದಿನಕರನ ಫೋನು ಬಂತು.

"ಅಕ್ಕ, ನಿಂಗೆ ರಜೆ ಸೋಮವಾರದಿಂದ ಅಲ್ದಾ? ನಾವೂ ಆವತ್ತೇ ಹೊರಡುದು. ನಾಳೆ ಆಯಿನ ತಂದು ಬಿಡ್ತೆ."

ತಾಯಿಯನ್ನು ಬಿಟ್ಟು ಎಲ್ಲಿಗೆ ಹೊರಡುವುದು ಎಂದು ಕೇಳಿದ ಮೇಲೆ ತಿಳಿಯಿತು. ದಿನಕರ, ಅರ್ಚನಾ ಮತ್ತು ಅಂಗಡಿಯ ಸ್ನೇಹಿತರ ಎರಡು ಸಂಸಾರ ಕೂಡಿ ಕಾಶಿ ಪ್ರವಾಸ. ಟಿಕೆಟು ಮಾಡಿಸಿ ಎರಡು ತಿಂಗಳಾಗಿತ್ತು. ಸೀಮಂತದಲ್ಲಿ ಬಳಗಕ್ಕೆಲ್ಲ ಗೊತ್ತಿದ್ದ ಸಂಗತಿ ಅವಳಿಗೊಬ್ಬಳಿಗೆ ಗೊತ್ತಿರಲಿಲ್ಲ.

"ಈ ಸಲ ಆಗುದಿಲ್ಲ ದಿನಕರ. ಕೈಯಲ್ಲಿ ಕೆಲಸ ಇದೆ."

"ರಜೆಯಲ್ಲಿ ಎಂತ ಕೆಲಸ?"

"ನಿನ್ನ ಮನೆ ತೋರಣ."

ಅವನು ನಕ್ಕ. ಅವಳು ಜೊತೆಗೆ ನಗಲಿಲ್ಲ ಎಂಬುದು ಅವನಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಸ್ವರ ಬದಲಾಯಿತು. ಟಿಕೆಟ್ ಆಗಿದೆ ಎಂದ. ನನ್ನನ್ನು ಕೇಳಿ ಮಾಡಿಸಿದ್ದಲ್ಲ ಎಂದಳು. ದಾರ ಸುತ್ತುವುದೂ ಒಂದು ಕೆಲಸವಾ, ಅದು ದೀಪಾವಳಿಗೆ ಮಾಡಿದರೂ ಆದೀತು ಎಂದ. ಜಯಂತಿ ಫೋನು ಇಟ್ಟಳು. ಅವಳು ಆರಿಸಿದ ಮಣಿಗಳನ್ನು ಅಂಗಡಿಯವನು ಪೊಟ್ಟಣ ಕಟ್ಟಿ ಚೀಲದಲ್ಲಿ ಹಾಕಿದ.

ಅವಳು ಕುಮಟಾ ಮುಟ್ಟುವ ಮೊದಲೇ ಸುದ್ದಿ ಬಳಗಕ್ಕೆಲ್ಲ ಮುಟ್ಟಿತ್ತು. ಜಾಲಿ ಊರಿನಲ್ಲಿರುವ ಚಿಕ್ಕಮ್ಮ ದುರ್ಗಮ್ಮ ಫೋನು ಮಾಡಿ, ಸೂಜಿದಾರ ದೊಡ್ಡದೋ ಹೆತ್ತವಳು ದೊಡ್ಡವಳೋ ಎಂದು ಕೇಳಿದಳು. ಪರೀಕ್ಷೆಯ ಪೇಪರು ತಿದ್ದಲಿಕ್ಕಿದೆ ಎಂದಿದ್ದರೆ ಯಾರೂ ಉಸಿರೆತ್ತುತ್ತಿರಲಿಲ್ಲ. ಮುಗಿಸುವುದಿಲ್ಲ ಎಂದು ಹತ್ತು ವರ್ಷ ಆಡಿಕೊಂಡವರಿಗೆ, ಮುಗಿಸುತ್ತೇನೆ ಎಂದದ್ದೇ ದೊಡ್ಡ ಅಪರಾಧವಾಗಿ ಕಂಡಿತ್ತು. ಜಯಂತಿ ಆ ರಾತ್ರಿ ಗಂಜಿ ಕುಡಿದು, ಮರುದಿನ ಬೆಳಿಗ್ಗೆ ಎದ್ದು ಜಾಲರಿಗೆ ಕೂತಳು.

ಹತ್ತು ಗಂಟೆಯ ಸುಮಾರಿಗೆ ಗೇಟಿನ ಮುಂದೆ ದಿನಕರನ ಕಾರು ನಿಂತಿತು. ಹಿಂದಿನ ಸೀಟಿನಲ್ಲಿ ಗಂಗೆ, ಪಕ್ಕದಲ್ಲಿ ಅವಳ ಬಟ್ಟೆಯ ಚೀಲ. ಆಗುವುದಿಲ್ಲ ಎಂದದ್ದನ್ನು ಅವನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಕಾರಿನಿಂದಿಳಿದು ಚೀಲ ಎತ್ತಿಕೊಂಡು ಗೇಟಿನ ಚಿಲಕಕ್ಕೆ ಕೈ ಹಾಕಿದ. ಜಯಂತಿ ಒಳಗಿನಿಂದ ಬಂದು ಗೇಟನ್ನು ಹಿಡಿದು ನಿಂತಳು.

"ನಿನ್ನೆಯೇ ಹೇಳಿದ್ದೆ ನಾನು."

"ಅಕ್ಕ, ಹಟ ಮಾಡುದಕ್ಕೂ ಒಂದು ವಯಸ್ಸಿದೆ. ನಿಂಗೆ ಎಂತ, ಗಂಡನಾ, ಮಕ್ಕಳಾ? ಆಯಿನ ನೋಡ್ಕೊಳ್ಳುಕೆ ನಿಂಗೆ ಎಂತ ಅಡ್ಡಿ?"

ಎದುರು ಮನೆಯ ವರಾಂಡದಲ್ಲಿ ಪೇಪರು ಓದುತ್ತಿದ್ದವರು ತಲೆ ಎತ್ತಿದರು. ಜಯಂತಿ ಒಳಗೆ ಹೋದಳು. ಅವಳು ಸೋತಳು ಎಂದುಕೊಂಡು ದಿನಕರ ಗೇಟು ತೆರೆದ. ಅವಳು ತೋರಣ ಹಿಡಿದುಕೊಂಡು ಮತ್ತೆ ಬಂದು ಅದನ್ನು ಗೇಟಿನ ಮೇಲೆ ಹರವಿದಳು. ಜಾಲರಿಯ ಹಳೆಯ ನೂಲು ಹಳದಿಗೆ ತಿರುಗಿತ್ತು, ಹೊಸದು ಬಿಳಿ. ಎರಡೂ ಕೂಡಿದ ಜಾಗ ದೂರದಿಂದಲೇ ಕಾಣುತ್ತಿತ್ತು.

"ಇಲ್ಲಿ ನೋಡು. ಧನ್ಯಶ್ರೀನ ತಂದು ಬಿಟ್ಟ ದಿನ ನಿಂತದ್ದು ಇಲ್ಲಿ. ಎರಡು ವರ್ಷ ನಿನ್ನ ಮಗಳಿಗೆ ಬೇಯಿಸಿ ಹಾಕಿ, ಲೆಕ್ಕ ಹೇಳಿಕೊಟ್ಟೆ. ನೀನು ಮೈಕಿನಲ್ಲಿ ಹೇಳುಕೆ ಬಿಟ್ಟದ್ದು ಅದನ್ನು."

"ಅದು ತಮಾಷೆಗೆ ಹೇಳಿದ್ದು ಅಕ್ಕ."

"ನಾನು ಮಾಡಿದ್ದು ತಮಾಷೆಗಲ್ಲ."

ಅವಳ ಸ್ವರ ಏರಿರಲಿಲ್ಲ. ತರಗತಿಯಲ್ಲಿ ಒಂದು ಲೆಕ್ಕವನ್ನು ಎರಡನೇ ಸಲ ಬಿಡಿಸುವಾಗಿನ ಸ್ವರ ಅದು. ದಿನಕರ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಕಾರಿನ ಗಾಜು ಇಳಿಯಿತು.

"ದಿನಕರ, ಗಾಡಿ ತಿರುಗ್ಸು," ಎಂದಳು ಗಂಗೆ. "ಬೇಡ ಅಂದವರ ಮನೆ ಬಾಗಿಲಲ್ಲಿ ನಾ ಮೀನನ್ನೂ ಇಳಿಸಿದವಳಲ್ಲ. ಆಮೇಲೆ ಅವಳು ಒಪ್ಪಿದಳು ಅಂತ ನೀ ನಂಗೆ ಸುಳ್ಳು ಹೇಳಿದ್ದೆ."

ತಾಯಿ ಮಗಳ ಮುಖ ನೋಡಲಿಲ್ಲ. ತೋರಣವನ್ನು ನೋಡಿದಳು, ಗಾಜು ಏರಿಸಿದಳು. ಚೀಲ ಮತ್ತೆ ಸೀಟಿಗೆ ಹೋಯಿತು. ಕಾರು ಓಣಿಯ ತಿರುವಿನಲ್ಲಿ ಮರೆಯಾದ ಮೇಲೆ ಜಯಂತಿ ಮೆಟ್ಟಿಲ ಮೇಲೆ ಕೂತಳು. ಪ್ರವಾಸ ನಿಂತಿತು, ಪಾಪ ತನ್ನ ತಲೆಗೆ ಬಂತು ಎಂದುಕೊಂಡಳು. ಅಂದು ಅವಳ ಕೈಯಲ್ಲಿ ಒಂದು ಮಣಿಯೂ ಕೂರಲಿಲ್ಲ.

ಪ್ರವಾಸ ನಿಲ್ಲಲಿಲ್ಲ. ಮಂಗಳವಾರ ಧನ್ಯಶ್ರೀ ಗಂಡನ ಮನೆಯಿಂದ ಫೋನು ಮಾಡಿದಾಗ ತಿಳಿಯಿತು: ಅಪ್ಪ ಅಮ್ಮ ಹೇಳಿದ ದಿನವೇ ಹೊರಟಿದ್ದರು. ಅರ್ಚನಾಳ ತಂಗಿ ಬಂದು ಹೊನ್ನಾವರದ ಮನೆಯಲ್ಲಿ ಉಳಿದಿದ್ದಳು. ಅವಳಿಗೂ ಅಜ್ಜಿಗೂ ಚೆನ್ನಾಗಿ ಹೊಂದಿಕೆಯಾಗಿದೆ, ಇಬ್ಬರೂ ಇಡೀ ದಿನ ಧಾರಾವಾಹಿ ನೋಡುತ್ತಾರೆ ಎಂದು ಧನ್ಯಶ್ರೀ ನಗುತ್ತ ಹೇಳಿದಳು. ಒಂದು ಫೋನಿಗೆ ಬಂದಳಂತೆ.

ಒಂದು ಫೋನಿಗೆ. ಜಯಂತಿಗೆ ಸಿಟ್ಟು ನೆತ್ತಿಗೇರಿದ್ದು ಆಗ. ಮೈಕಿನ ಮಾತಿಗೂ, ಗೇಟಿನ ಮಾತಿಗೂ ಇಷ್ಟು ಬಂದಿರಲಿಲ್ಲ. ಬೇರೆ ಯಾರೂ ಇಲ್ಲ, ತಾನಿಲ್ಲದಿದ್ದರೆ ಮನೆ ನಡೆಯುವುದಿಲ್ಲ ಎಂದುಕೊಂಡೇ ಅವಳು ಅಷ್ಟೂ ರಜೆಗಳನ್ನು ಕೊಟ್ಟಿದ್ದಳು. ಜನ ಇದ್ದರು. ಅವರನ್ನು ಕೇಳಬೇಕಾಗುತ್ತಿತ್ತು, ಅವಳನ್ನು ಕೇಳಬೇಕಾಗಿರಲಿಲ್ಲ. ವ್ಯತ್ಯಾಸ ಇಷ್ಟೇ ಆಗಿತ್ತು.

ಆ ಸಿಟ್ಟಿನಲ್ಲಿಯೇ ಹೊಲಿದಳು. ಸಿಟ್ಟಿನಲ್ಲಿ ಹೊಲಿದರೆ ದಾರ ಬಿಗಿಯಾಗಿ ಬಟ್ಟೆ ನೆರಿಗೆ ಕಟ್ಟುತ್ತದೆ. ಕೌದಿಯ ಒಂದು ಮೂಲೆಯನ್ನು ಬಿಚ್ಚಿ ಮತ್ತೆ ಹಾಕಬೇಕಾಯಿತು. ಬೇಯಿಸಲು ಬೇಸರವಾದ ದಿನ ಪೇಟೆಯಿಂದ ಇಡ್ಲಿ ತಂದಳು. ಬೆರಳಿನ ತುದಿ ಒರಟಾಯಿತು, ಕುತ್ತಿಗೆ ನೋವು ಹಿಡಿಯಿತು. ತೋರಣ ಮುಗಿಯಿತು, ನವಿಲಿಗೆ ಗರಿ ಬಂತು. ರಜೆ ಮುಗಿಯುವುದರೊಳಗೆ ಕೌದಿಯ ಅಂಚೂ ಮುಗಿಯಿತು.

ದಿಂಬಿನ ಕವರು ಹಿಡಿದುಕೊಂಡು ಕತಗಾಲಕ್ಕೆ ಹೋದಳು. ಶ್ರೀಮತಿ ಅದನ್ನು ತೊಡೆಯ ಮೇಲೆ ಹರವಿ ಬಹಳ ಹೊತ್ತು ನೋಡಿದಳು. ಮೊದಲನೆಯದು ಬಳಸಿ ಬಳಸಿ ಹರಿದು ಎಷ್ಟೋ ವರ್ಷವಾಗಿದೆ, ಈಗ ಮತ್ತೆ ಒಂಟಿಯೇ ಆಯಿತಲ್ಲ ಎಂದು ನಕ್ಕಳು. ಹರಿಯುವಷ್ಟು ಬಳಸಿದ್ದಾಳೆ ಎಂದು ಕೇಳಿ ಜಯಂತಿಗೆ ಸಂತೋಷವೇ ಆಯಿತು. ಚಹಾ ಕುಡಿಯುತ್ತ ನಡೆದದ್ದನ್ನೆಲ್ಲ ಹೇಳಿದಳು. ಶ್ರೀಮತಿ ಸಮಾಧಾನ ಹೇಳಲಿಲ್ಲ.

"ನಿಂಗೆ ಸಿಟ್ಟು ಬಪ್ಪಲೆ ಇಷ್ಟು ವರ್ಷ ಬೇಕಾತನೇ ಮಾರಾಯ್ತಿ?" ಎಂದಳಷ್ಟೇ.

ಪ್ರವಾಸದವರು ತಿರುಗಿ ಬಂದ ನಂತರದ ಭಾನುವಾರ ಜಯಂತಿ ಹೊನ್ನಾವರಕ್ಕೆ ಹೋದಳು. ದಿನಕರ ಬಾಗಿಲಲ್ಲಿ ಕಂಡು, ಬಂದ್ಯಾ ಎಂದು ಕೇಳಿ ಒಳಗೆ ಹೋದ. ತೋರಣವನ್ನು ಅವಳು ಅರ್ಚನಾಳ ಕೈಗೆ ಕೊಟ್ಟಳು. ಕೌದಿಯನ್ನು ತಾಯಿಯ ಮಂಚದ ಮೇಲೆ ಇಟ್ಟಳು. ಗಂಗೆ ಅದನ್ನು ಬಿಡಿಸಿ ಒಂದೊಂದು ತುಂಡಿನ ಮೇಲೂ ಅಂಗೈ ಓಡಿಸಿದಳು. ಈ ಹಸಿರು ಸೀರೆ ಉಟ್ಟುಕೊಂಡೇ ನಿನ್ನನ್ನು ಕಾಲೇಜಿಗೆ ಸೇರಿಸಲು ಬಂದಿದ್ದೆ ಎಂದಳು. ಆಮೇಲೆ ಸ್ವರ ತಗ್ಗಿಸಿ, "ಆವತ್ತು ನಾನೂ ನಗಬಾರದಿತ್ತು," ಎಂದಳು.

ಇರಲಿ ಬಿಡು ಎನ್ನುವುದು ಜಯಂತಿಯ ನಾಲಿಗೆಯ ತುದಿಗೆ ಬಂದಿತ್ತು. ಅವಳು ಹೇಳಲಿಲ್ಲ.

"ಹೌದು ಆಯಿ, ನಗಬಾರದಿತ್ತು."

ಊಟಕ್ಕೆ ಕೂತಾಗ ದಿನಕರ ಕಾಶಿಯ ಜನಸಂದಣಿಯ ಬಗ್ಗೆ ಮಾತಾಡಿದ, ತೋರಣದ ಬಗ್ಗೆ ಮಾತಾಡಲಿಲ್ಲ. ಬಂಗಡೆಯ ಸಾರು ಬಡಿಸುತ್ತಿದ್ದ ಅರ್ಚನಾ ಧನ್ಯಶ್ರೀಯ ಹೆರಿಗೆಯ ಮಾತು ತೆಗೆದಳು. ಡಾಕ್ಟರು ಕುಮಟಾದವರೇ, ಹೆರಿಗೆಯಾದ ಮೇಲೆ ಬಾಣಂತಿಯನ್ನು ಹದಿನೈದು ದಿನ ಕುಮಟಾದಲ್ಲೇ, ಎಂದು ಶುರು ಮಾಡಿದವಳು ಅಲ್ಲಿಗೇ ತಡೆದು ಗಂಡನ ಮುಖ ನೋಡಿದಳು. ಸೌಟು ಕೆಳಗಿಟ್ಟಳು.

"ಅತ್ತಿಗೆ, ನಿಮಗೆ ಆಗ್ತದಾ? ಆಗುದಿಲ್ಲ ಅಂದ್ರೆ ನಾವು ಬೇರೆ ಮಾಡ್ಕೊಳ್ತೇವೆ."

ಜಯಂತಿ ಮೀನಿನ ಮುಳ್ಳನ್ನು ಬಿಡಿಸಿ ತಟ್ಟೆಯ ಅಂಚಿಗಿಟ್ಟಳು. ಹುಡುಗಿಯ ಮೇಲೆ ಅವಳಿಗೆ ಪ್ರೀತಿ ಇತ್ತು. ಹೂಂ ಎನ್ನಲು ಅರೆಕ್ಷಣ ಸಾಕಾಗಿತ್ತು.

"ಯೋಚನೆ ಮಾಡಿ ಹೇಳ್ತೆ," ಎಂದಳು.

ಅವಳು ಅನ್ನಕ್ಕೆ ಇನ್ನೊಂದಿಷ್ಟು ಸಾರು ಹಾಕಿಸಿಕೊಂಡು ನಿಧಾನವಾಗಿ ಉಂಡಳು.