ಕರಿ ಕಾರಿನ ಮೇಲೆ ಒಣಗಿದ ಪಾಲಿಶು

ನಂದಕಿಶೋರ್ ನನ್ನ ಹೆಂಡತಿಯ ಅಣ್ಣ. ತನ್ನ ಕರಿ ಕಾರನ್ನು ಶಹಾಬಾದಿನ ನಮ್ಮ ಮನೆ ಮುಂದೆ ಬಿಟ್ಟು ಪಂಢರಪುರಕ್ಕೆ ಹೋಗುವಾಗ ಒಂದು ಮಾತು ಹೇಳಿದ್ದ: "ವೆಂಕಟೇಶರಾವ್, ನಾ ಹೊಸಾದು ತಗೋಳವ ಇದ್ದೀನಿ. ಇದನ್ನ ನಿಮಗ ಕೊಡಬೇಕಂತ ಮನಸದ. ಆದ್ರ ಈ ನಾಕು ದಿನ ಹೆಂಗ ನೋಡ್ಕೋತೀರಿ ಅಂತ ನೋಡ್ತೀನಿ."

ನನಗೆ ಆ ಕಾರು ಬೇಕೇ ಬೇಕಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ದಿನಕ್ಕೆ ಹತ್ತು ಸಲ ಹೊರಗೆ ಹೋಗಿ ಅದರ ಬಾಗಿಲು ಮುಟ್ಟಿ ಬರುತ್ತಿದ್ದೆ.

ಅವನು ವಾಪಸು ಬರುವ ದಿನ ಕಾರಿಗೆಂದು ಒಂದು ಡಬ್ಬಿ ಮೇಣದ ಪಾಲಿಶು ತಂದೆ. ಎದುರು ಮನೆಯ ಶೌಕತ ಅಲಿ ಮೂವತ್ತು ವರ್ಷದಿಂದ ಫರಸಿಕಲ್ಲಿನ ನೆಲಕ್ಕೆ ಪಾಲಿಶು ಮಾಡುವವನು. ಊರಿನ ಅರ್ಧ ನೆಲ ಹೊಳೆಯುವುದು ಅವನ ಕೈಯಿಂದಲೇ. ಅವನಿಗಿಂತ ತಿಳಿದವರು ಯಾರಿದ್ದಾರೆ?

"ದಪ್ಪಗ ಬಳೀರಿ ಸರ್. ಬಿಸಲಾಗ ಖಡಕ್ ಒಣಗ್ಲಿ. ಆಮ್ಯಾಲ ತಿಕ್ಕಿದ್ರ ಕನ್ನಡಿಗತೆ ಮಾರಿ ಕಾಣ್ತದ," ಎಂದ.

ಇಬ್ಬರೂ ಸೇರಿ ಬಳಿದೆವು. ಊಟ ಮಾಡಿ, ಒಂದು ನಿದ್ದೆ ತೆಗೆದು ಬಂದು ನೋಡಿದರೆ ಕಾರು ಮೈತುಂಬ ಗೋಪೀಚಂದನ ಬಡಿದುಕೊಂಡಂತೆ ನಿಂತಿತ್ತು. ತಿಕ್ಕಿದೆ, ಚೂರೂ ಕದಲಲಿಲ್ಲ. ನಂದಕಿಶೋರ್ ಬರುವ ರೈಲಿಗೆ ಇನ್ನು ಮೂರೇ ತಾಸು.

"ಚಿಂತಿ ಮಾಡಬ್ಯಾಡ್ರಿ, ಮಷಿನ್ ತರ್ತೀನಿ," ಎಂದ ಶೌಕತ. ಕಲ್ಲು ಉಜ್ಜುವ ಮಷಿನ್! ನಾನು ಕಾರಿಗೆ ಅಡ್ಡ ನಿಂತೆ.

ಗದ್ದಲ ಕೇಳಿ ಹೊರಗೆ ಬಂದ ನನ್ನ ಹೆಂಡತಿ ವೃಂದಾ ಡಬ್ಬಿ ಎತ್ತಿಕೊಂಡಳು. "ನೆರಳಾಗ ತೆಳ್ಳಗ ಹಚ್ಚರಿ, ಒಂದೊಂದ ಭಾಗ ಮುಗಿಸಿ ಒರಸ್ರಿ ಅಂತ ಬರದದ. ಓದಿಲ್ಲೇನ್ರಿ?"

ಮೂವತ್ತೊಂದು ವರ್ಷ ಮಕ್ಕಳಿಗೆ "ಮೊದಲು ಪ್ರಶ್ನೆ ಓದಿ" ಎಂದು ಬೆತ್ತ ಹಿಡಿದು ಹೇಳಿದ ಮಾಸ್ತರ ನಾನು.

ಕಾರನ್ನು ಬೇವಿನ ನೆರಳಿಗೆ ತಳ್ಳಿದೆವು. ಅದು ತಣ್ಣಗಾದ ಮೇಲೆ ವೃಂದಾ ಒಣಗಿದ ಪಾಲಿಶಿನ ಮೇಲೇ ಹೊಸದನ್ನು ತುಸು ಸವರಿದಳು. ಹಳೆಯದು ಮೆತ್ತಗಾಯಿತು. ತಕ್ಷಣ ನನ್ನ ಹಳೇ ಧೋತರದಿಂದ ಒರೆಸಿದಳು. ಅಂಗೈಯಗಲ ಕರಿ ಹೊಳಪು ಎದ್ದಿತು. ಹಾಗೇ ಅಂಗೈ ಅಂಗೈಯಾಗಿ ಇಡೀ ಕಾರು ಒರೆಸಿದೆವು. ಸಂದಿಗಳಿಗೆ ಹಳೆಯ ಹಲ್ಲಿನ ಬ್ರಷ್ಷು. ಬಂಪರಿನ ಪ್ಲಾಸ್ಟಿಕ್ಕಿಗೆ ಹತ್ತಿದ ಬಿಳಿ ಗೆರೆಗಳು ಮಾತ್ರ ಹಟ ಹಿಡಿದವು. "ಅರೆದ ಶೇಂಗಾ ಹಚ್ಚಿದ್ರ ಬಿಡ್ತದಂತ," ಎಂದು ವೃಂದಾ ಫೋನು ನೋಡಿ ಹೇಳಿದ್ದೇ ತಡ, ಶೌಕತ ಮನೆಗೆ ಓಡಿ ಶೇಂಗಾ ಹಿಂಡಿ ತಂದ. ಬೆಳ್ಳುಳ್ಳಿ, ಖಾರ ಎಲ್ಲ ಹಾಕಿ ಕುಟ್ಟಿದ, ರೊಟ್ಟಿಗೆ ಹಚ್ಚಿಕೊಳ್ಳುವ ಚಟ್ನಿ. ಗೆರೆಗಳು ಹೋದವು, ನಮ್ಮ ಕಣ್ಣಲ್ಲೂ ನೀರು ಬಂತು.

ನಂದಕಿಶೋರ್ ಬಂದವನೇ ಕಾರಿಗೆ ಮೂರು ಸುತ್ತು ಹಾಕಿದ. ಬಂಪರಿನ ಹತ್ತಿರ ಮೂಗು ಅರಳಿಸಿದ. "ಬಳ್ಳೊಳ್ಳಿ ವಾಸನಿ ಬರ್ಲಿಕತ್ತದಲ್ಲ?"

"ಶೌಕತ್ ಭಾಯಿ ಮನೀದಣ್ಣಾ," ಎಂದಳು ವೃಂದಾ. ಸುಳ್ಳೇನಲ್ಲ.

ನಂದಕಿಶೋರ್ ಬಾನೆಟ್ಟಿನಲ್ಲಿ ಮುಖ ನೋಡಿಕೊಂಡು ಮೀಸೆ ತಿದ್ದಿದ.

"ವೆಂಕಟೇಶರಾವ್, ಶೋರೂಮಿನಾಗೂ ಇದು ಹಿಂಗ ಹೊಳದಿದ್ದಿಲ್ಲ. ಇಂಥಾ ಗಾಡಿ ಯಾರರ ಬಿಟ್ಟುಕೊಡ್ತಾರೇನ್ರಿ? ಹೊಸಾದು ಬ್ಯಾಡ, ಇದನ್ನ ಇಟ್ಕೋತೀನಿ." ನನ್ನ ಬೆನ್ನು ತಟ್ಟಿ ಕಾರು ಹತ್ತಿ ಹೊರಟೇಬಿಟ್ಟ.

ನನಗೆ ಅಳುವುದೊಂದೇ ಬಾಕಿ. ವೃಂದಾ ರಸ್ತೆಯ ತಿರುವಿನವರೆಗೂ ಆ ಹೊಳಪನ್ನೇ ನೋಡುತ್ತ ನಿಂತಳು.

"ತುಸು ಕಮ್ಮಿ ಒರಸಿದ್ದ್ರ," ಎಂದಳು, "ಇವತ್ತ ಕಾರು ನಮ್ಮದಾಗ್ತಿತ್ತು ನೋಡ್ರಿ."