ಆರರ ಕೆಳಗಿನ ಗೆರೆ

ಬೆಳಿಗ್ಗೆ ಆರೂವರೆಗೆ ಪುಕ್ಕಣ್ಣನ ಉಸಿರು ನಿಂತಿತು. ಎಂಟಕ್ಕೆ ಅವನು ಸಹಾಯಕನಾಗಿದ್ದ ಪ್ರಯೋಗಾಲಯಕ್ಕೆ ಫೋನು ಬಂತು. ಹತ್ತಕ್ಕೆ ಸಂಶೋಧಕಿ ಅವನ ಮನೆಯ ಹೊಸ್ತಿಲಲ್ಲಿ ಬಗ್ಗಿ ಚಪ್ಪಲಿಯ ಪಟ್ಟಿ ಬಿಚ್ಚುತ್ತಿದ್ದಳು. ಹನ್ನೊಂದಕ್ಕೆ ದೇಹ ಎತ್ತುವುದೆಂದು ನಿಶ್ಚಯವಾಗಿತ್ತು. ಅಷ್ಟರೊಳಗೆ ಅವಳು ಒಂದು ಮಾತು ಹೇಳಬೇಕಿತ್ತು. ಒಂದೂವರೆ ವರ್ಷದಿಂದ ನುಂಗಿಕೊಂಡಿದ್ದ ಮಾತು.

“ಬನ್ನಿ ಮೇಡಂ,” ಎಂದಳು ಅವನ ಹೆಂಡತಿ. “ನೀವು ಬರ್ತೀರಿ ಅನ್ಕೊಂಡಿರ್ಲಿಲ್ಲ. ನಿಮ್ಮ ಮರ ಕೆಡಿಸಿದೋರಲ್ವಾ ಇವ್ರು.”

ಗೋಡೆಗೊರಗಿದ್ದ ಭಾವಮೈದ ಮೂಗೆಳೆದ. “ಹದಿನಾಲ್ಕು ವರ್ಷ ಕೋಳಿಪುಕ್ಕ ಬೇಯಿಸಿದ್ದೇ ಬಂತು. ಆ ವಾಸನೆಗೆ ಬಸ್ಸಲ್ಲಿ ಭಾವನ ಪಕ್ಕ ಯಾರೂ ಕೂರ್ತಿರ್ಲಿಲ್ಲ. ಕಾಲು ಚಾಚ್ಕೊಂಡು ಬರ್ತಿದ್ದ, ಮಹಾರಾಜ.”

ಒಂದಿಬ್ಬರು ನಕ್ಕರು. ಹೆಂಡತಿಯೂ ನಗಲು ಹೋಗಿ ಅತ್ತಳು. “ಕೊನೆಗೆ ಇವ್ರನ್ನ ಪಂಪಿನ ಮನೆ ಕೆಲಸಕ್ಕೆ ಹಾಕಿದ್ರು. ಯಾಕೆ ಅಂತ ಕೇಳಿದ್ರೆ, ನನ್ನ ಕೈ ತಪ್ಪಿತು ಅಂದ್ರು, ಅಷ್ಟೇ.”

ಸಂಶೋಧಕಿ ಚೀಲವನ್ನು ಎದೆಗವಚಿಕೊಂಡು ಒಳಗೆ ಬಂದು ಕುಳಿತಳು.

*

ಆ ಮರವೆಂದರೆ ನದಿಯ ಕೆಸರಿನಲ್ಲಿ ಶತಮಾನಗಳ ಕಾಲ ಹೂತಿದ್ದ ದೋಣಿಯ ಹುಟ್ಟಿನ ತುಂಡುಗಳು. ನೀರುಂಡ ಅಂಥ ಮರವನ್ನು ಹಾಗೆಯೇ ಒಣಗಿಸಿದರೆ ಸುರುಟಿಹೋಗುತ್ತದೆ. ಅದನ್ನು ತಡೆಯಲೆಂದು ಕೋಳಿಪುಕ್ಕದಿಂದ ತೆಗೆದ ಪ್ರೋಟೀನಿನ ದ್ರಾವಣದಲ್ಲಿ ಎರಡು ವರ್ಷ ನೆನೆದದ್ದು ಆರನೆಯ ತುಂಡು. ಹೋಲಿಕೆಗೆಂದು ಬರಿಯ ನೀರಿನಲ್ಲಿದ್ದದ್ದು ಒಂಬತ್ತನೆಯದು. ಪುಕ್ಕಣ್ಣ ತುಂಡಿಗೆ ಕಟ್ಟಿದ ಚೀಟಿಯಲ್ಲಿ 6ರ ಕೆಳಗೆ ಗೆರೆ ಎಳೆದಿದ್ದ.

“ಏನಿದು ಗೀಚಾಟ?”

“ತಲೆಕೆಳಗಾದ್ರೂ ಗೊತ್ತಾಗ್ಲಿ ಅಂತ, ಮೇಡಂ.”

“ನಂಗೆ ಓದೋಕೆ ಬರುತ್ತೆ.”

ಅವಳು ಗೆರೆಯಿಲ್ಲದ ಹೊಸ ಚೀಟಿಗಳನ್ನು ಅಚ್ಚುಕಟ್ಟಾಗಿ ಬರೆದು ಕಟ್ಟಿಸಿದಳು. ಒಣಗಿಸುವ ದಿನ ತುಂಡುಗಳನ್ನು ಮಗುಚಿ ತಟ್ಟೆಗಿಟ್ಟಾಗ ಎರಡೂ ಚೀಟಿಗಳು ತಲೆಕೆಳಗಾಗಿದ್ದವು. ಅವಳು ಆರೆಂದು ಓದಿ ಒಣಗಿಸಿದ್ದು ಎರಡೇ ದಿನಕ್ಕೆ ಸುರುಟಿತು. ‘ದ್ರಾವಣ ಹಾಕುವಲ್ಲಿ ಸಹಾಯಕನ ನಿರ್ಲಕ್ಷ್ಯ’ ಎಂದು ವರದಿ ಬರೆದಳು. ಇನ್ನು ಹೋಲಿಸಲು ಏನೂ ಇಲ್ಲವೆಂದು, ಒಂಬತ್ತೆಂದು ಓದಿದ್ದನ್ನು ಕಸಕ್ಕೆ ಹಾಕಿಸಿದಳು. ತಿಂಗಳ ನಂತರ ಹಳೆಯ ಫೋಟೋ ಕಣ್ಣಿಗೆ ಬಿತ್ತು. ಆರನೆಯ ತುಂಡಿನ ಅಂಚಿನಲ್ಲಿ ಮೊಳೆಯ ತೂತಿತ್ತು. ಸುರುಟಿದ ತುಂಡಿನಲ್ಲಿ ತೂತಿರಲಿಲ್ಲ.

ಅವಳು ಕಡತ ಮುಚ್ಚಿಟ್ಟಳು.

*

“ಇದು ನಿಮ್ದೇ ಅಲ್ವಾ?” ಹೆಂಡತಿ ಕಪಾಟಿನಿಂದ ಬಟ್ಟೆಯ ಗಂಟು ತಂದಳು. “ಕಸದಿಂದ ಎತ್ಕೊಂಡು ಬಂದು, ಪೆಟ್ಟಿಗೇಲಿಟ್ಟು ನಿಧಾನಕ್ಕೆ ಒಣಗಿಸಿದ್ರು. ಬಿಸಾಕೋಕೆ ಬಿಡ್ಲಿಲ್ಲ. ಮೇಡಂ ಒಂದಿನ ಕೇಳ್ತಾರೆ ಅಂತಿದ್ರು.”

ಮರದ ತುಂಡಿನ ಅಂಚಿನಲ್ಲಿ ಮೊಳೆಯ ತೂತು. ದಾರದಲ್ಲಿ ಅವಳದೇ ಅಕ್ಷರದ ಚೀಟಿ. 6ರ ಕೆಳಗೆ, ಆಮೇಲೆ ಎಳೆದ ಪೆನ್ಸಿಲಿನ ಗೆರೆ.

“ಅವ್ರ ಕೈ ತಪ್ಪಿರ್ಲಿಲ್ಲ, ಅಕ್ಕಾ.” ಅವಳು ಎಲ್ಲರಿಗೂ ಕೇಳಿಸುವಂತೆ ಹೇಳಿದಳು. “ಚೀಟಿ ತಪ್ಪಾಗಿ ಓದಿದ್ದು ನಾನು. ಗೊತ್ತಾದ್ಮೇಲೂ ಬಾಯಿಬಿಡ್ಲಿಲ್ಲ.”

ಭಾವಮೈದ ಗೋಡೆಯಿಂದ ಬೆನ್ನು ತೆಗೆದ. ಹೆಂಡತಿ ತುಂಡನ್ನು ಅವಳ ಕೈಗಿಟ್ಟಳು.

“ಹಾಗಾದ್ರೆ ಇದು ಕೆಟ್ಟಿದೆಯೋ ಇಲ್ವೋ? ಅವ್ರ ಮುಂದೇನೇ ನೋಡಿ ಹೇಳಿ.”

ಅವಳು ದೇಹದ ಪಕ್ಕ ಮಂಡಿಯೂರಿ, ಚೀಲದಿಂದ ಅಳತೆಪಟ್ಟಿ ತೆಗೆದಳು. ಮೂರು ಸಲ ಅಳೆದು ಹೇಳಿದಳು.

ಉದ್ದ ನೂರ ಹನ್ನೆರಡು ಮಿಲಿಮೀಟರ್. ದ್ರಾವಣದ ತೊಟ್ಟಿಗಿಳಿಸಿದ ದಿನವೂ ನೂರ ಹನ್ನೆರಡು.